ಬೆಳಗಿನ ದಿಗಿಲು ಮತ್ತು ಬಿಚ್ಚಬೇಕಾದ ಗಂಟುಗಳು

ಸುಮಾರು ಏಳು ವರ್ಷಗಳ ಹಿಂದಿನ ಮಾತು. ಬೆಳಗಿನ ಮದ್ರಸ ತರಗತಿ ಮುಗಿದು ಮಕ್ಕಳೆಲ್ಲ ಶಾಲೆಯ ದಾರಿ ಹಿಡಿದಿದ್ದರು. ನಾನು ಹಾಜರಿ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿರುವಾಗ ಒಬ್ಬ ಯುವಕನು ಬಂದು ಬಾಗಿಲ ಬಳಿ ನಿಂತನು. ಬಾಲ್ಯದಲ್ಲಿ ನನ್ನ ಬಳಿಯೇ ಅಕ್ಷರ ಕಲಿತವನು. ಕೆಲವು ವರ್ಷ ಕೊಲ್ಲಿ ರಾಷ್ಟ್ರದಲ್ಲಿ ದುಡಿದು ಆಗಷ್ಟೇ ಊರಿಗೆ ಮರಳಿದ್ದನು.

"ಉಸ್ತಾದ್, ಒಂದು ವಿಷಯ ಕೇಳಲಿಕ್ಕಿತ್ತು. ಬೆಳಿಗ್ಗೆ ಎಚ್ಚರ ಆಗುವಾಗಲೇ ಎದೆ ಡವಡವ ಅನ್ನುತ್ತದೆ. ಕಾರಣ ಏನೂ ಇಲ್ಲ. ಏನೋ ಕೆಟ್ಟದ್ದು ಆಗಿಹೋಗಿದೆ ಅಂತ ಅನ್ನಿಸುತ್ತದೆ. ಹತ್ತು ಗಂಟೆ ಆಗುವಾಗ ಸರಿಯಾಗುತ್ತದೆ. ಮರುದಿನ ಪುನಃ ಅದೇ."

ನನ್ನ ಬಳಿ ಉತ್ತರವು ಸಿದ್ಧವಾಗಿತ್ತು. ಮನುಷ್ಯನು ನಿದ್ರಿಸುವಾಗ ಶೈತಾನನು ಅವನ ತಲೆಯ ಹಿಂಭಾಗದಲ್ಲಿ ಮೂರು ಗಂಟುಗಳನ್ನು ಹಾಕುತ್ತಾನೆಂದೂ ಎಚ್ಚರವಾಗಿ ಅಲ್ಲಾಹನನ್ನು ಸ್ಮರಿಸಿದಾಗ ಒಂದು, ವುಝೂ ಮಾಡಿದಾಗ ಇನ್ನೊಂದು, ನಮಾಝ್ ನಿರ್ವಹಿಸಿದಾಗ ಮೂರನೆಯದು ಬಿಚ್ಚಿಕೊಂಡು ಆತನು ಲವಲವಿಕೆಯಿಂದ ಬೆಳಗನ್ನು ಕಾಣುತ್ತಾನೆಂದೂ ತಿಳಿಸುವ ಪ್ರಸಿದ್ಧ ಹದೀಸನ್ನು ನಾನು ವರ್ಷಕ್ಕೊಮ್ಮೆಯಾದರೂ ಮಕ್ಕಳಿಗೆ ಕಲಿಸುತ್ತೇನೆ.

"ಸುಬಹ್ ನಮಾಝ್ ಮಾಡ್ತೀಯಾ?" ಎಂದು ಕೇಳಿದೆ.

"ಮಾಡ್ತೇನೆ ಉಸ್ತಾದ್. ಜಮಾಅತ್‌ಗೇ ಬರ್ತೇನೆ, ನೀವೇ ನೋಡ್ತೀರಲ್ಲ."

"ಹಾಗಾದರೆ ನಿನ್ನ ನಮಾಝ್‌ನಲ್ಲಿ ಮನಸ್ಸಿಲ್ಲ. ಈಮಾನ್ ಗಟ್ಟಿಯಾಗಿದ್ದರೆ ಹೆದರಿಕೆ ಎಲ್ಲಿಂದ ಬರಬೇಕು?"

ಅವನು ತಲೆ ತಗ್ಗಿಸಿ, "ಸರಿ ಉಸ್ತಾದ್" ಎಂದಷ್ಟೇ ಹೇಳಿ ಹೊರಟುಹೋದನು. ಆಮೇಲೆ ಆ ವಿಷಯವನ್ನು ಆತನು ನನ್ನ ಮುಂದೆ ಎತ್ತಲಿಲ್ಲ. ಮಸೀದಿಯಲ್ಲಿ ಕೊನೆಯ ಸಫ್‌ನಲ್ಲಿ ನಿಂತು, ಸಲಾಮ್ ಹೇಳಿದೊಡನೆ ಎದ್ದು ಹೋಗುವುದನ್ನು ರೂಢಿಸಿಕೊಂಡನು. ಒಬ್ಬ ಯುವಕನಿಗೆ ಉಪದೇಶ ಮಾಡಿದ ತೃಪ್ತಿಯಲ್ಲಿ ನಾನಿದ್ದೆ. ಅದು ಉಪದೇಶವಾಗಿರಲಿಲ್ಲ, ಪೆಟ್ಟಾಗಿತ್ತು ಎಂಬುದು ಅರ್ಥವಾಗಲು ಅದೇ ದಿಗಿಲು ನನ್ನ ಹಾಸಿಗೆಯ ಬಳಿಗೂ ಬರಬೇಕಾಯಿತು.

ನನ್ನ ತಂದೆಯವರು ತೀರಿಕೊಂಡದ್ದು ಒಂದು ಬೆಳಗಿನ ಜಾವ. ಆಸ್ಪತ್ರೆಯಲ್ಲಿದ್ದ ತಮ್ಮನು ಕರೆ ಮಾಡಿದಾಗ ಗಂಟೆ 4 ದಾಟಿ ಹತ್ತು ನಿಮಿಷವಾಗಿತ್ತು. ತಲೆದಿಂಬಿನ ಪಕ್ಕದಲ್ಲಿದ್ದ ಫೋನು ರಿಂಗಾದ ಕ್ಷಣದಲ್ಲೇ ಸುದ್ದಿ ಏನೆಂಬುದು ಗೊತ್ತಾಗಿತ್ತು. ಜನಾಝ, ದಫನ, ಮನೆಗೆ ಬಂದುಹೋಗುವವರು, ಹೀಗೆ ದಿನಗಳು ಕಳೆದವು. ನಾನು ಅಳಲಿಲ್ಲ, ಕುಸಿಯಲೂ ಇಲ್ಲ. ಉಸ್ತಾದರು ಎಷ್ಟು ಸಬ್ರ್ ಉಳ್ಳವರು ಎಂದು ಜನರು ಹೇಳಿಕೊಂಡರು. ಎರಡು ತಿಂಗಳ ನಂತರ ಒಂದು ದಿನ, ಅಲಾರಾಂ ಬಡಿಯುವ ಮುನ್ನವೇ, ಸರಿಯಾಗಿ ಅದೇ ಹೊತ್ತಿಗೆ ಎಚ್ಚರವಾಯಿತು. ಯಾವ ಯೋಚನೆಯೂ ಮೂಡುವ ಮೊದಲೇ ಎದೆ ಹೊಡೆದುಕೊಳ್ಳುತ್ತಿತ್ತು. ಅಂಗೈ ತಣ್ಣಗಾಗಿತ್ತು. ಹೊಟ್ಟೆಯಲ್ಲಿ ಯಾರೋ ಬಟ್ಟೆ ಹಿಂಡಿದಂತಾಗುತ್ತಿತ್ತು. ಆಮೇಲೆ ಒಂದೊಂದಾಗಿ ಯೋಚನೆಗಳು ಬಂದು ಆ ಭಯಕ್ಕೆ ಕಾರಣಗಳನ್ನು ಒದಗಿಸಿದವು. ತಂದೆಯ ಚಿಕಿತ್ಸೆಗೆ ಮಾಡಿದ ಸಾಲ, ಮಗಳ ಕಾಲೇಜಿನ ಫೀಸು, ಉಮ್ಮನ ರಕ್ತದೊತ್ತಡ, ತಿಂಗಳ ಕೊನೆಗೆ ಸಾಲದ ನನ್ನ ಸಂಬಳ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಯೋಚನೆಯಿಂದ ಭಯ ಹುಟ್ಟಿದ್ದಲ್ಲ, ಭಯವೇ ಮೊದಲು ಬಂದು ಯೋಚನೆಗಳನ್ನು ಕರೆಯಿತು.

ಹೀಗೆ ವಾರಗಳು ಉರುಳಿದವು. ಖತೀಬರು ರಜೆಯಲ್ಲಿದ್ದ ಒಂದು ದಿನ ಸುಬಹ್ ನಮಾಝ್‌ಗೆ ನಾನು ಇಮಾಮನಾಗಿ ನಿಂತೆ. ಫಾತಿಹಾ ಮುಗಿದು ಸೂರಃ ಅದ್ದುಹಾ ಆರಂಭಿಸಿದೆ. ಇಪ್ಪತ್ತು ವರ್ಷಗಳಿಂದ ಪುಟ್ಟ ಮಕ್ಕಳಿಗೆ ಕಂಠಪಾಠ ಮಾಡಿಸುತ್ತಾ ಬಂದ 11 ಸೂಕ್ತಗಳ ಅಧ್ಯಾಯವದು. ಮೂರನೆಯ ಸೂಕ್ತದ ನಂತರ ನಾಲಗೆ ನಿಂತುಹೋಯಿತು. ಎದೆಯ ಬಡಿತದ ಹೊರತು ಬೇರೇನೂ ಕೇಳಿಸಲಿಲ್ಲ. ಹಿಂದಿನಿಂದ ಒಬ್ಬ ಹಿರಿಯರು ಮುಂದಿನ ಸೂಕ್ತವನ್ನು ಎತ್ತಿಕೊಟ್ಟರು. ಬೆಳಗಿನ ಬೆಳಕಿನ ಮೇಲೆ ಆಣೆಯಿಟ್ಟು ಆರಂಭವಾಗುವ ಅಧ್ಯಾಯದಲ್ಲಿಯೇ ನನಗೆ ಕತ್ತಲೆ ಕವಿದಿತ್ತು.

ಆಗ ನಾನು ಮಾಡಿದ್ದೇನು? ಆ ಯುವಕನ ಮೇಲೆ ಬೀಸಿದ ಚಾವಟಿಯನ್ನೇ ನನ್ನ ಮೇಲೂ ಬೀಸಿಕೊಂಡೆ. ನನ್ನ ಈಮಾನ್ ದುರ್ಬಲವಾಗಿದೆ, ಇದು ಅದಕ್ಕೆ ಶಿಕ್ಷೆ ಎಂದುಕೊಂಡೆ. ರಾತ್ರಿ ಹನ್ನೊಂದೂವರೆಗೆ ಮಲಗಿದರೂ 3 ಗಂಟೆಗೆ ಎದ್ದು ತಹಜ್ಜುದ್ ನಿರ್ವಹಿಸತೊಡಗಿದೆ. ತಹಜ್ಜುದ್ ಮಹಾ ಪುಣ್ಯಕರವಾದ ಆರಾಧನೆ. ಆದರೆ ನಾನು ಅಲ್ಲಾಹನ ಪ್ರೀತಿಯಿಂದ ಎದ್ದು ನಿಲ್ಲುತ್ತಿರಲಿಲ್ಲ, ದಂಡ ಕಟ್ಟುವವನಂತೆ ನಿಲ್ಲುತ್ತಿದ್ದೆ. ನಿದ್ರೆ ಮೂರೂವರೆ ಗಂಟೆಗೆ ಇಳಿಯಿತು. ಒಂದು ತಿಂಗಳಲ್ಲಿ ದಿಗಿಲು ಕಡಿಮೆಯಾಗುವ ಬದಲು ಮಧ್ಯಾಹ್ನದವರೆಗೂ ಚಾಚಿಕೊಂಡಿತು. ಸಣ್ಣ ತಪ್ಪಿಗೂ ಮಕ್ಕಳ ಮೇಲೆ ರೇಗತೊಡಗಿದೆ. ಕೆಲಸ ಬಿಡುವ ಪತ್ರವನ್ನೂ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ.

ಆ ಪತ್ರವನ್ನು ಬಟ್ಟೆ ಒಗೆಯುವಾಗ ಕಂಡ ನನ್ನ ಪತ್ನಿ ಒಂದು ಮಾತು ಹೇಳಿದಳು: "ಮಕ್ಕಳಿಗೆ ಜ್ವರ ಬಂದರೆ ನೀವೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀರಿ. ನಿಮಗೆ ಬಂದದ್ದಕ್ಕೆ ಮಾತ್ರ ಶಿಕ್ಷೆ ಕೊಡ್ತಾ ಇದ್ದೀರಿ."

ಮರುದಿನ ವೈದ್ಯರ ಬಳಿಗೆ ಹೋದೆ. ಅವರು ರಕ್ತ ಪರೀಕ್ಷೆ ಮಾಡಿಸಿದರು, ಹೃದಯದ ಇಸಿಜಿ ತೆಗೆಸಿದರು. ಥೈರಾಯ್ಡ್ ಗ್ರಂಥಿಯು ಮಿತಿಮೀರಿ ಕೆಲಸ ಮಾಡಿದರೂ ಹೀಗೆಯೇ ಎದೆ ಬಡಿದುಕೊಳ್ಳುತ್ತದೆಂದು ಅದನ್ನೂ ನೋಡಿದರು. ಎಲ್ಲವೂ ಸರಿಯಾಗಿತ್ತು. ಬಳಿಕ ಅವರು ಸಾವಧಾನವಾಗಿ ವಿವರಿಸಿದರು. ಮೂತ್ರಪಿಂಡಗಳ ಮೇಲ್ಭಾಗದಲ್ಲಿರುವ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ರಾತ್ರಿಯ ಕೊನೆಯ ಭಾಗದಲ್ಲಿ ಅದು ಏರತೊಡಗಿ, ಎಚ್ಚರವಾದ ಬಳಿಕದ 30ರಿಂದ 45 ನಿಮಿಷಗಳಲ್ಲಿ ಇನ್ನಷ್ಟು ಹೆಚ್ಚುತ್ತದೆ. ಮಲಗಿದ ದೇಹವನ್ನು ದಿನದ ದುಡಿಮೆಗೆ ಎಬ್ಬಿಸಿ ನಿಲ್ಲಿಸಲು ಸೃಷ್ಟಿಕರ್ತನು ಇಟ್ಟಿರುವ ಏರ್ಪಾಡು ಅದು. ಎಲ್ಲರಲ್ಲೂ ಇರುತ್ತದೆ. ಆದರೆ ದುಃಖದಿಂದಲೋ ನಿದ್ರಾಭಾವದಿಂದಲೋ ಮೊದಲೇ ಬಿಗಿದುಕೊಂಡ ದೇಹದಲ್ಲಿ ಅದೇ ಏರ್ಪಾಡು ಭಯದ ರೂಪದಲ್ಲಿ ಅನುಭವಕ್ಕೆ ಬರುತ್ತದೆ. ರಾತ್ರಿಯಿಡೀ ಖಾಲಿಯಿರುವ ಹೊಟ್ಟೆ, ಅದರ ಮೇಲೆ ಕುಡಿದ ಕಡು ಚಹಾ, ಇವು ಅದಕ್ಕೆ ಇನ್ನಷ್ಟು ಗಾಳಿ ಊದುತ್ತವೆ.

ಕನ್ನಡ ಬಿ.ಎ. ಓದಿದ ನನಗೆ ಅಂದು ಮನೆಗೆ ಬಂದು ನಿಘಂಟು ತೆರೆಯುವ ಮನಸ್ಸಾಯಿತು. ನಾವು ಭಯವೆಂದಷ್ಟೇ ಬಳಸುವ 'ಆತಂಕ' ಎಂಬ ಪದಕ್ಕೆ ಸಂಸ್ಕೃತದಲ್ಲಿ ರೋಗವೆಂಬ ಅರ್ಥವೂ ಇದೆ. ಹಳಬರು ಅದನ್ನು ಮನಸ್ಸಿಗೆ ಮಾತ್ರ ಕಟ್ಟಿಹಾಕಿರಲಿಲ್ಲ.

ಆದರೂ ನನ್ನೊಳಗಿನ ಪ್ರಶ್ನೆ ಮುಗಿದಿರಲಿಲ್ಲ. ಅಲ್ಲಾಹನಲ್ಲಿ ಭರವಸೆಯಿಟ್ಟವನ ಎದೆ ಬೆಳಗಿನ ಜಾವದಲ್ಲಿ ಹೀಗೇಕೆ ಬಡಿದುಕೊಳ್ಳಬೇಕು? ಉತ್ತರವು ದೊರೆತದ್ದು ದೊಡ್ಡ ಮಕ್ಕಳ ಪಾಠಕ್ಕಾಗಿ ಸೂರಃ ಅಲ್ ಕಸಸ್‌ನ ವ್ಯಾಖ್ಯಾನ ಓದುತ್ತಿದ್ದಾಗ. ಫಿರ್‌ಔನನು ಇಸ್ರಾಈಲರ ಗಂಡು ಶಿಶುಗಳನ್ನು ಕೊಲ್ಲಿಸುತ್ತಿದ್ದ ಕಾಲ. ಹಸುಳೆ ಮೂಸಾ(ಅ)ರನ್ನು ನದಿಗೆ ತೇಲಿಬಿಡುವಂತೆ ಅಲ್ಲಾಹನು ಅವರ ತಾಯಿಗೆ ತಿಳಿಸಿದನು. ಭಯಪಡಬೇಡ, ದುಃಖಿಸಬೇಡ, ಮಗುವನ್ನು ನಿನ್ನ ಬಳಿಗೇ ಮರಳಿಸುವೆವು ಎಂಬ ವಾಗ್ದಾನವನ್ನೂ ಕೊಟ್ಟನು. ಸ್ವತಃ ಅಲ್ಲಾಹನಿಂದಲೇ ಭರವಸೆ ಪಡೆದ ಆ ತಾಯಿಯ ಸ್ಥಿತಿಯನ್ನು 10ನೇ ಸೂಕ್ತವು ವರ್ಣಿಸುತ್ತದೆ. ಅವರ ಹೃದಯವು ಬರಿದಾಯಿತು ಎಂಬುದು ಅದರ ಸಾರ. ಎಲ್ಲ ಗುಟ್ಟನ್ನೂ ಹೊರಗೆಡಹಿಬಿಡುವಷ್ಟು ಆ ತಾಯಿ ತಳಮಳಗೊಂಡಿದ್ದರು. 'ಆಯಿತು' ಎಂಬ ಅರ್ಥದಲ್ಲಿ ಅಲ್ಲಿ ಬಂದಿರುವ ಕ್ರಿಯಾಪದವು 'ಅಸ್ಬಹ'. ನಮ್ಮ 'ಸುಬಹ್' ಎಂಬ ಪದದ ಧಾತುವೇ ಅದರದ್ದೂ. ಆ ಪದದ ಬೇರಿನಲ್ಲಿ ಬೆಳಗು ಇದೆ.

ಆ ಪುಟದ ಮುಂದೆ ನಾನು ಬಹಳ ಹೊತ್ತು ಕುಳಿತೆ. ಎಷ್ಟೋ ಬಾರಿ ಓದಿದ ಸೂಕ್ತ. ಆ ತಾಯಿಯ ಹೃದಯ ಬರಿದಾದುದಕ್ಕೆ ಅಲ್ಲಾಹನು ಅವರನ್ನು ಗದರಿಸಲಿಲ್ಲ. ನಿನ್ನ ಈಮಾನ್ ಎಲ್ಲಿಹೋಯಿತು ಎಂದು ಕೇಳಲಿಲ್ಲ. ಅವರ ಹೃದಯವನ್ನು ತಾನೇ ಬಿಗಿಹಿಡಿದು ನಿಲ್ಲಿಸಿದೆನೆಂದು ಹೇಳಿದನು. ಮರುಸೂಕ್ತದಲ್ಲಿಯೇ ಆ ತಾಯಿ ತಮ್ಮಿಂದಾದ ಒಂದು ಸಣ್ಣ ಕೆಲಸವನ್ನು ಮಾಡುತ್ತಾರೆ. ಮಗುವಿನ ಹಿಂದೆ ಹೋಗಿ ನೋಡೆಂದು ಮಗಳನ್ನು ಕಳುಹಿಸುತ್ತಾರೆ. ಆ ಮಗಳ ನಡಿಗೆಯೇ ಮುಂದೆ ಮಗು ತಾಯಿಯ ಮಡಿಲಿಗೆ ಮರಳಲು ನಿಮಿತ್ತವಾಗುತ್ತದೆ. ಹೃದಯವನ್ನು ಗಟ್ಟಿಗೊಳಿಸುವವನು ಅಲ್ಲಾಹನು, ಹೆಜ್ಜೆ ಇಡಬೇಕಾದವರು ನಾವು ಎಂಬುದು ನನಗೆ ಅಂದು ತಿಳಿಯಿತು. ಪ್ರವಾದಿ ಮುಹಮ್ಮದ್(ಸ)ರು ಸಹ ಚಿಂತೆ ಮತ್ತು ದುಃಖದಿಂದ, ಅಸಾಮರ್ಥ್ಯ ಮತ್ತು ಆಲಸ್ಯದಿಂದ, ಸಾಲದ ಹೊರೆಯಿಂದ ಅಲ್ಲಾಹನ ಅಭಯವನ್ನು ಆಗಾಗ ಬೇಡುತ್ತಿದ್ದರೆಂದು ಅವರ ಸೇವೆಯಲ್ಲಿದ್ದ ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ಚಿಂತೆಯು ಕೇವಲ ಅವಿಶ್ವಾಸಿಗಳ ಪಾಲಾಗಿದ್ದರೆ ಪ್ರವಾದಿವರ್ಯರಿಗೆ ಆ ಪ್ರಾರ್ಥನೆಯ ಅಗತ್ಯವಾದರೂ ಏನಿತ್ತು?

ನಮ್ಮ ಪೂರ್ವಿಕ ವಿದ್ವಾಂಸರಿಗೂ ಇದು ಅಪರಿಚಿತವಾಗಿರಲಿಲ್ಲ. ಇಮಾಮ್ ಗಝ್ಝಾಲಿಯವರು ಬಗ್ದಾದಿನ ನಿಝಾಮಿಯ್ಯ ಮದ್ರಸದಲ್ಲಿ ಬೋಧಿಸುತ್ತಿದ್ದಾಗ, ಕ್ರಿ.ಶ. 1095ರಲ್ಲಿ, ತರಗತಿಯಲ್ಲಿ ಅವರ ನಾಲಗೆಯೇ ಕಟ್ಟಿಹೋಯಿತು. ಅನ್ನಪಾನ ಇಳಿಯಲಿಲ್ಲ. ಹೃದಯದಲ್ಲಿ ಹುಟ್ಟಿದ ತೊಂದರೆಯು ದೇಹಕ್ಕೆ ಹರಡಿದೆಯೆಂದು ವೈದ್ಯರು ಕೈಚೆಲ್ಲಿದರೆಂದು ಅವರೇ ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಅವರಿಗಿಂತ ಸುಮಾರು ಒಂದೂವರೆ ಶತಮಾನ ಮುಂಚೆ, ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸುಗಳ ಆರೋಗ್ಯದ ಬಗ್ಗೆ ಒಂದೇ ಗ್ರಂಥದಲ್ಲಿ ಬರೆದರು. ಎರಡೂ ಒಂದರ ನೋವನ್ನು ಇನ್ನೊಂದು ಹೊರುತ್ತವೆಂಬುದು ಅವರ ನಿಲುವು. ಅವರ ಒಂದು ಸಲಹೆ ನನಗೆ ಬಹಳ ಉಪಕಾರ ಮಾಡಿದೆ. ತುರ್ತಿಗೆಂದು ಮನೆಯಲ್ಲಿ ಔಷಧಿ ಇಟ್ಟುಕೊಳ್ಳುವಂತೆ, ಮನಸ್ಸು ಶಾಂತವಾಗಿರುವಾಗ ಹಿತವಾದ ಯೋಚನೆಗಳನ್ನು ಸಂಗ್ರಹಿಸಿಟ್ಟು ಕಳವಳದ ಹೊತ್ತಿಗೆ ಬಳಸಬೇಕು ಎಂಬುದೇ ಆ ಸಲಹೆ.

ಇನ್ನು ನಾನು ಅನುಸರಿಸಿದ ಕ್ರಮಗಳನ್ನು ಹೇಳುತ್ತೇನೆ. ಇವುಗಳಲ್ಲಿ ಹೆಚ್ಚಿನವು ನಮ್ಮ ಬೆಳಗಿನ ಸುನ್ನತ್‌ಗಳಲ್ಲಿ ಮೊದಲೇ ಇದ್ದವು. ಅವುಗಳನ್ನು ನಾನು ಕಲಿಸುತ್ತಿದ್ದೆ, ಆದರೆ ಅವಸರದಲ್ಲಿ ಮುಗಿಸಿಬಿಡುತ್ತಿದ್ದೆ.

ಮೊದಲನೆಯದಾಗಿ, ಬೆಳಗು ಆರಂಭವಾಗುವುದು ಹಿಂದಿನ ರಾತ್ರಿಯಲ್ಲಿ. ಇಶಾಕ್ಕೆ ಮುನ್ನ ನಿದ್ರಿಸುವುದನ್ನೂ ಇಶಾದ ನಂತರ ಹರಟುವುದನ್ನೂ ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ. ನಮ್ಮ ಕರಾವಳಿಯಲ್ಲಿಯೋ ಸಭೆಗಳು, ಮದುವೆಯ ಔತಣಗಳು, ಪ್ರವಚನಗಳು ನಡುರಾತ್ರಿಯವರೆಗೂ ನಡೆಯುತ್ತವೆ. ಅವು ಇಲ್ಲದ ದಿನ ಅಂಗೈಯಲ್ಲಿ ಫೋನಿದೆ. ನಾನು ಹತ್ತು ಗಂಟೆಯೊಳಗೆ ಮಲಗಲು ನಿರ್ಧರಿಸಿದೆ. ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗಿಟ್ಟು, ಹಳೆಯ ಕಾಲದ ಒಂದು ಅಲಾರಾಂ ಗಡಿಯಾರ ಕೊಂಡುತಂದೆ. ಉಮ್ಮನ ಕೋಣೆ ಅಡುಗೆಮನೆಯ ಪಕ್ಕದಲ್ಲಿಯೇ ಇರುವುದರಿಂದ ತುರ್ತು ಕರೆ ಬಂದರೆ ಕೇಳಿಸುತ್ತದೆ. ನನ್ನ ಕಿವಿಯ ಪಕ್ಕದಲ್ಲಿ ಮಾತ್ರ ಅದು ಇರಬಾರದು. ತಹಜ್ಜುದನ್ನು ನಾನು ಬಿಟ್ಟಿಲ್ಲ. ಆದರೆ ಬೇಗ ಮಲಗಿದ ದಿನ ಮಾತ್ರ, ಅಝಾನಿಗೆ ಅರ್ಧ ಗಂಟೆ ಮುಂಚೆ, ಎರಡು ರಕಅತ್ ನಿರ್ವಹಿಸುತ್ತೇನೆ.

ಎರಡನೆಯದು, ಎಚ್ಚರವಾದ ಮೊದಲ ಕೆಲವು ನಿಮಿಷಗಳು. ಹಝ್ರತ್ ಇಬ್ನು ಅಬ್ಬಾಸ್(ರ) ಬಾಲಕರಾಗಿದ್ದಾಗ ತಮ್ಮ ಚಿಕ್ಕಮ್ಮ ಹಝ್ರತ್ ಮೈಮೂನಾ(ರ)ರ ಮನೆಯಲ್ಲಿ ಒಂದು ರಾತ್ರಿ ತಂಗಿದ್ದರು. ಪ್ರವಾದಿವರ್ಯರು(ಸ) ಎದ್ದುಕುಳಿತು, ಕೈಯಿಂದ ಮುಖ ಸವರಿ ನಿದ್ರೆಯನ್ನು ಒರೆಸಿಕೊಂಡು, ಆಲು ಇಮ್ರಾನ್ ಅಧ್ಯಾಯದ ಕೊನೆಯ ಹತ್ತು ಸೂಕ್ತಗಳನ್ನು ಪಠಿಸಿ, ತೂಗುಹಾಕಿದ್ದ ನೀರಿನ ಚೀಲದಿಂದ ವುಝೂ ಮಾಡಿದುದನ್ನು ಅವರು ಕಂಡರು. ಈ ಚಿತ್ರದಲ್ಲಿ ಅವಸರವೆಂಬುದೇ ಇಲ್ಲ. ಈಗ ನಾನೂ ಎಚ್ಚರವಾದೊಡನೆ ನೆಗೆದೇಳುವುದಿಲ್ಲ, ಭಯದೊಡನೆ ವಾದಕ್ಕಿಳಿದು ಮಲಗಿರುವುದೂ ಇಲ್ಲ. ಎದ್ದು ಕುಳಿತು, ಎರಡೂ ಅಂಗೈಗಳಿಂದ ಮುಖವನ್ನು ಸವರಿಕೊಳ್ಳುತ್ತೇನೆ. ಮತ್ತೆ ಜೀವ ಕೊಟ್ಟವನಿಗೆ ಸ್ತುತಿ ಹೇಳುವ ದುಆವನ್ನು ತುಟಿಯಲ್ಲಿ ನಿಧಾನವಾಗಿ ಉಚ್ಚರಿಸುತ್ತೇನೆ. ಹಾಸಿಗೆಯ ಬಳಿ ಒಂದು ಚೀಟಿ ಇದೆ. ಬಲ್ಖೀಯವರ ಸಲಹೆಯಂತೆ, ಮನಸ್ಸು ತಿಳಿಯಾಗಿದ್ದ ಒಂದು ಸಂಜೆ ಬರೆದದ್ದು. "ಇದು ನಿನ್ನೆಯೂ ಬಂದಿತ್ತು, ಬಿಸಿಲೇರುವಾಗ ಹೋಗಿತ್ತು. ಬಾಪ ಹೋದದ್ದು ನಿಜ. ಈ ಹೊತ್ತಿನಲ್ಲಿ ಈ ಮನೆಯೊಳಗೆ ಎಲ್ಲರೂ ಕ್ಷೇಮವಾಗಿ ಉಸಿರಾಡುತ್ತಿದ್ದಾರೆ. ಈ ಬಡಿತ ಕೆಟ್ಟ ಸುದ್ದಿಯಲ್ಲ, ದೇಹ ಏಳುವ ಸದ್ದು." ಇಷ್ಟೇ. ಬಹಳ ದಿನ ಅದನ್ನು ಓದುತ್ತಿದ್ದೆ. ಈಗ ಓದದೆಯೇ ನೆನಪಾಗುತ್ತದೆ.

ಮೂರನೆಯದು ನೀರು. ವುಝೂ ಮಾಡುವಾಗ ನಳ್ಳಿಯನ್ನು ಪೂರ್ತಿ ತಿರುಗಿಸಿ ಅರ್ಧ ನಿಮಿಷದಲ್ಲಿ ಮುಗಿಸುವವನು ನಾನಾಗಿದ್ದೆ. ಈಗ ತಂಬಿಗೆಯಲ್ಲಿ ನೀರು ತೆಗೆದುಕೊಂಡು ಕುಳಿತು ಮಾಡುತ್ತೇನೆ. ಮೊದಲು ಮಿಸ್ವಾಕ್. ಆಮೇಲೆ ಮಣಿಕಟ್ಟಿನಿಂದ ಮೊಣಕೈಗೆ ತಣ್ಣೀರು ಇಳಿಯುವುದನ್ನು ಗಮನಿಸುತ್ತೇನೆ. ಮುಖಕ್ಕೆ ತಣ್ಣೀರು ತಾಗಿದಾಗ ಹೃದಯದ ಬಡಿತವು ತುಸು ತಗ್ಗುವುದು ದೇಹದ ಸಹಜ ಗುಣವೆಂದು ವೈದ್ಯರು ಹೇಳುತ್ತಾರೆ. ಓಡುತ್ತಿರುವ ಮನಸ್ಸಿಗೆ ಬೆರಳುಗಳ ಸಂದಿಯನ್ನು ತೊಳೆಯುವ ಕೆಲಸ ಕೊಟ್ಟರೆ ಅದು ಅಷ್ಟು ಹೊತ್ತು ಇಲ್ಲಿಯೇ ಇರುತ್ತದೆ.

ನಾಲ್ಕನೆಯದು ಉಸಿರು. ತಜ್ವೀದ್ ಕಲಿಸುವ ನನಗೆ ಇದು ಎಂದೋ ಹೊಳೆಯಬೇಕಿತ್ತು. ಪ್ರವಾದಿವರ್ಯರ(ಸ) ಪಾರಾಯಣವು ಅಕ್ಷರಗಳನ್ನು ಎಳೆದು ಓದುವ ಕ್ರಮದಲ್ಲಿತ್ತೆಂದು ಹಝ್ರತ್ ಅನಸ್(ರ), ಪ್ರತಿಯೊಂದು ಸೂಕ್ತದ ಕೊನೆಗೆ ನಿಲ್ಲಿಸುತ್ತಿದ್ದರೆಂದು ಹಝ್ರತ್ ಉಮ್ಮು ಸಲಮಾ(ರ) ಹೇಳಿದ್ದಾರೆ. ಫಾತಿಹಾದಲ್ಲಿ 7 ಸೂಕ್ತಗಳಿವೆ. ಒಂದೊಂದು ಸೂಕ್ತವನ್ನೂ ಒಂದೇ ಉಸಿರಿನಲ್ಲಿ ನಿಧಾನವಾಗಿ ಓದಿ, ನಿಲ್ಲಿಸಿ, ಮೂಗಿನಿಂದ ಉಸಿರೆಳೆದುಕೊಂಡು ಮುಂದಿನದಕ್ಕೆ ಹೋದರೆ ಒಂದು ಫಾತಿಹಾಕ್ಕೆ ಸುಮಾರು ಒಂದು ನಿಮಿಷ ಬೇಕಾಗುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುವ ನಾವು ಆಗ ಏಳೆಂಟು ಬಾರಿ ಮಾತ್ರ ಉಸಿರಾಡುತ್ತೇವೆ. ಉಸಿರೆಳೆಯುವುದಕ್ಕಿಂತ ಬಿಡುವುದು ದೀರ್ಘವಾಗುತ್ತದೆ. ಹೃದಯಕ್ಕೆ ಶಾಂತವಾಗೆಂದು ಹೇಳುವ ನರವನ್ನು ಜಾಗೃತಗೊಳಿಸುವುದು ಈ ದೀರ್ಘ ನಿಶ್ವಾಸವೇ. 2001ರಲ್ಲಿ ಇಟಲಿಯ ಸಂಶೋಧಕರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಾಗಲಿ ಮಂತ್ರ ಪಠಣವಾಗಲಿ ಉಸಿರನ್ನು ನಿಮಿಷಕ್ಕೆ 6ರ ಆಸುಪಾಸಿಗೆ ಇಳಿಸಿ ಹೃದಯದ ಲಯಕ್ಕೆ ಹಿತ ತರುವುದನ್ನು ಕಂಡರು. ದೇಹವನ್ನು ಸೃಷ್ಟಿಸಿದವನು ಒಬ್ಬನೇ ಆಗಿರುವಾಗ ಅದರ ನಿಯಮವೂ ಎಲ್ಲ ಮನುಷ್ಯರಿಗೂ ಒಂದೇ. ನಾವು ಕುರ್‌ಆನ್ ಓದುವುದು ಉಸಿರಾಟದ ವ್ಯಾಯಾಮಕ್ಕಾಗಿ ಅಲ್ಲ, ನಿಜ. ಆದರೆ ಅದರ ಹಕ್ಕನ್ನು ಕೊಟ್ಟು ನಿಧಾನವಾಗಿ ಓದಿದವನಿಗೆ ಈ ಲಾಭವೂ ದೊರೆಯುತ್ತದೆ. ಅವಸರದಲ್ಲಿ ಗುನುಗಿದವನಿಗೆ ಎರಡೂ ತಪ್ಪಿಹೋಗುತ್ತವೆ.

ಐದನೆಯದು ನಡಿಗೆ ಮತ್ತು ಬೆಳಕು. ಸುಬಹ್ ಮುಗಿದ ನಂತರ ಬೈಕಿನಲ್ಲಿ ಮನೆಗೆ ಬಂದು, ಮದ್ರಸದ ಹೊತ್ತಾಗುವವರೆಗೆ ಕತ್ತಲ ಕೋಣೆಯಲ್ಲಿ ಮಲಗುವುದು ನನ್ನ ಅಭ್ಯಾಸವಾಗಿತ್ತು. ಆ ಮುಕ್ಕಾಲು ಗಂಟೆಯೇ ಅತ್ಯಂತ ಕೆಟ್ಟ ಹೊತ್ತಾಗಿತ್ತು. ಈಗ ಬೈಕು ಮನೆಯಲ್ಲಿಯೇ ಇರುತ್ತದೆ. ಮಸೀದಿಯಿಂದ ಅಡಿಕೆ ತೋಟಗಳ ನಡುವಿನ ದಾರಿ ಹಿಡಿದು, ಕೆಂಪು ಕಲ್ಲಿನ ಪಾಗಾರಗಳ ಬದಿಯಲ್ಲಿ ಅರ್ಧ ಗಂಟೆ ನಡೆಯುತ್ತೇನೆ. ಕಾಲುಗಳು ಕೆಲಸ ಮಾಡುವಾಗ, ಓಟಕ್ಕೆಂದು ಸಜ್ಜಾಗಿ ನಿಂತ ದೇಹಕ್ಕೆ ತಾನು ಸಜ್ಜಾದುದರ ಪ್ರಯೋಜನವಾಗುತ್ತದೆ. ಕಣ್ಣಿಗೆ ಬೀಳುವ ಮುಂಜಾನೆಯ ಬೆಳಕು ದೇಹದೊಳಗಿನ ಗಡಿಯಾರವನ್ನು ಸರಿಹೊಂದಿಸಿ ರಾತ್ರಿಯ ನಿದ್ರೆಗೂ ನೆರವಾಗುತ್ತದೆ. ಅದ್ದುಹಾ ಅಧ್ಯಾಯವನ್ನು ನಾನು ಈಗ ಆ ದಾರಿಯಲ್ಲಿಯೇ ಪಠಿಸುತ್ತೇನೆ. ವಹ್ಯ್ ಕೆಲಕಾಲ ನಿಂತುಹೋಗಿ ಪ್ರವಾದಿವರ್ಯರು(ಸ) ಮನನೊಂದಿದ್ದಾಗ ಅವತೀರ್ಣಗೊಂಡ ಸಾಂತ್ವನವದು. ಅದನ್ನು ಬೆಳಕಿನಲ್ಲಿ ನಡೆಯುತ್ತಾ ಓದುವಾಗ ಮೂರನೆಯ ಸೂಕ್ತದ ನಂತರ ನಾಲಗೆ ನಿಲ್ಲುವುದಿಲ್ಲ.

ಆರನೆಯದು ಆಹಾರ. ಎದ್ದೊಡನೆ ಹಾಲಿಲ್ಲದ ಕಡು ಚಹಾ ಎರಡು ಲೋಟ ಕುಡಿಯುತ್ತಿದ್ದವನು ಅದನ್ನು ನಿಲ್ಲಿಸಿದೆ. ಒಂದು ಲೋಟ ನೀರು, ಎರಡು ಖರ್ಜೂರ, ನಡಿಗೆಯ ನಂತರ ಉಮ್ಮ ಬೇಯಿಸಿದ ಕುಚ್ಚಲಕ್ಕಿ ಗಂಜಿ, ಅದರೊಂದಿಗೆ ಕಾಯಿಚಟ್ನಿ. ಚಹಾ ಆಮೇಲೆ, ಒಂದೇ ಲೋಟ. ಹಝ್ರತ್ ಆಯಿಶಾ(ರ)ರ ಕುಟುಂಬದಲ್ಲಿ ಯಾರಾದರೂ ತೀರಿಕೊಂಡರೆ, ಸಾಂತ್ವನಕ್ಕೆ ಬಂದವರು ಮರಳಿದ ಮೇಲೆ ಅವರು ಬಾರ್ಲಿ ಹಿಟ್ಟಿನ ತಲ್ಬೀನಾ ಎಂಬ ಗಂಜಿಯನ್ನು ಮಾಡಿಸುತ್ತಿದ್ದರು. ಅದು ರೋಗಿಯ ಹೃದಯಕ್ಕೆ ನೆಮ್ಮದಿ ಕೊಡುತ್ತದೆ, ದುಃಖವನ್ನು ತುಸು ನೀಗಿಸುತ್ತದೆ ಎಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ಅವರು ಕೇಳಿದ್ದರು. ದುಃಖಿತನಿಗೆ ಉಪದೇಶಕ್ಕಿಂತ ಮೊದಲು ಬಿಸಿ ಗಂಜಿ ಬೇಕೆಂಬ ತಿಳಿವಳಿಕೆ ಆ ಮನೆಯಲ್ಲಿತ್ತು. ತಂದೆಯವರು ತೀರಿಕೊಂಡ ಎರಡು ತಿಂಗಳು ನಾನು ಬೆಳಿಗ್ಗೆ ಏನನ್ನೂ ತಿನ್ನುತ್ತಿರಲಿಲ್ಲ. "ಮಗಾ, ಒಂದು ತುತ್ತಾದರೂ ತಿಂದು ಹೋಗು" ಎಂಬ ಉಮ್ಮನ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಕೊನೆಯದು ಸಾಲದ ವಿಷಯ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದೆಂದು ಮಕ್ಕಳನ್ನು ಕೇಳಿದರೆ ಅಲ್ ಬಕರಃದ 282ನೆಯದೆಂದು ತಟ್ಟನೆ ಹೇಳುತ್ತಾರೆ. ಅದರ ವಿಷಯ ಸ್ವರ್ಗವೂ ಅಲ್ಲ, ನರಕವೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಟ್ಟುಕೊಳ್ಳಿರಿ ಎಂಬುದು. ನ್ಯಾಯ ಮತ್ತು ಸಾಕ್ಷ್ಯಕ್ಕಾಗಿ ಬಂದ ಆ ಆದೇಶದಲ್ಲಿ ಮನಸ್ಸಿಗೂ ಒಂದು ವಿಶ್ರಾಂತಿಯಿದೆಯೆಂದು ನನ್ನ ಅನುಭವ ಹೇಳುತ್ತದೆ. ಒಂದು ದಿನ ಅಸರ್ ನಂತರ ನೋಟ್ ಪುಸ್ತಕ ತೆರೆದು ಬರೆದೆ. ಭಾವನಿಗೆ 40,000 ರೂಪಾಯಿ, ಕಾಲೇಜಿನ ಫೀಸು 18,000, ಅಂಗಡಿಯ ಬಾಕಿ 6,300. ಒಟ್ಟು 64,300. ಬೆಳಗಿನ ನಾಲ್ಕು ಗಂಟೆಗೆ ಎಣಿಸಲಾಗದಷ್ಟಿದ್ದ ಸಾಲವು ಕಾಗದದ ಮೇಲೆ ಮೂರು ಸಾಲುಗಳಾಗಿತ್ತು. ಭಾವನ ಬಳಿಗೆ ಹೋಗಿ ತಿಂಗಳಿಗೆ 2,000ದಂತೆ ಕೊಡುವೆನೆಂದು ಹೇಳಿದೆ. ಅವರು ಒಪ್ಪಿದರು. ಸಾಲ ಒಂದೇ ದಿನದಲ್ಲಿ ತೀರಲಿಲ್ಲ, ಆದರೆ ಅದು ಬೆಳಗಿನ ಜಾವದಲ್ಲಿ ಬಂದು ಬಾಗಿಲು ಬಡಿಯುವುದನ್ನು ನಿಲ್ಲಿಸಿತು.

ಓದುಗ ಬಾಂಧವರಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇವೆಲ್ಲ ಒಂದು ವಾರದಲ್ಲಿ ಫಲಿಸಿದವುಗಳಲ್ಲ. ನನಗೆ ಮೂರು ತಿಂಗಳು ಬೇಕಾಯಿತು. ಈಗಲೂ ಮಳೆಗಾಲದ ಕೆಲವು ಬೆಳಗುಗಳಲ್ಲಿ ಅದು ಬರುತ್ತದೆ. ಬರುತ್ತದೆ, ಹೋಗುತ್ತದೆ. ಎಲ್ಲರಿಗೂ ಇಷ್ಟೇ ಸಾಕಾಗುವುದೂ ಇಲ್ಲ. ಎದೆನೋವು ತೋಳಿಗೋ ದವಡೆಗೋ ಹರಡಿದರೆ, ಬೆವರು ಕಿತ್ತುಬಂದರೆ, ಅದನ್ನು ಮನಸ್ಸಿನ ಭಯವೆಂದು ಭಾವಿಸಿ ಮನೆಯಲ್ಲಿ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ದಿಗಿಲು ವಾರಗಟ್ಟಲೆ ಮುಂದುವರಿದು ಊಟ, ನಿದ್ರೆ, ದುಡಿಮೆ ಕೆಟ್ಟರೆ, ಬದುಕೇ ಬೇಡವೆನ್ನಿಸಿದರೆ ಮನೋವೈದ್ಯರನ್ನು ಕಾಣಬೇಕು. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಔಷಧಿ ಬೇಕೆಂದು ವೈದ್ಯರು ಹೇಳಿದರೆ ಸೇವಿಸುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದವರಿಗೆ, ಪಡೆಯಿರಿ, ಅಲ್ಲಾಹನು ರೋಗದೊಂದಿಗೆ ಮದ್ದನ್ನೂ ಇಳಿಸಿದ್ದಾನೆ ಎಂಬ ಅರ್ಥದಲ್ಲಿಯೇ ಪ್ರವಾದಿವರ್ಯರು(ಸ) ಉತ್ತರಿಸಿದ್ದರು.

ಇನ್ನು ಆ ಯುವಕನ ವಿಷಯ. ಕಳೆದ ವರ್ಷ ನಾನು ಅವನು ಕೆಲಸಕ್ಕಿರುವ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಗಿರಾಕಿಗಳು ಹೋಗುವವರೆಗೆ ಕಾದು, "ಅಂದು ನಾನು ಹೇಳಿದ್ದು ತಪ್ಪಾಯಿತು. ನನ್ನನ್ನು ಕ್ಷಮಿಸು" ಎಂದೆ. ನನಗೂ ಅದೇ ಬಂದಿತ್ತೆಂದು ಹೇಳಿದೆ. ಅವನು ಸ್ವಲ್ಪ ಹೊತ್ತು ಮೊಳೆಗಳ ಪೆಟ್ಟಿಗೆಯನ್ನು ಸರಿಸುತ್ತಿದ್ದನು.

"ಅವತ್ತು ನಿಮ್ಮ ಹತ್ತಿರ ಬರುವ ಮೊದಲು ಒಂದು ವಾರ ಯೋಚನೆ ಮಾಡಿದ್ದೆ ಉಸ್ತಾದ್, ಹೇಗೆ ಹೇಳುವುದು ಅಂತ" ಎಂದನು.

ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಒಂದು ವಾರ ಧೈರ್ಯ ಕೂಡಿಸಿಕೊಂಡು ಬಂದವನನ್ನು ನಾನು ಎರಡು ನಿಮಿಷಗಳಲ್ಲಿ ಕಳುಹಿಸಿಬಿಟ್ಟಿದ್ದೆ. ಮೂರು ಗಂಟುಗಳ ಆ ಹದೀಸು ಗಂಟು ಬಿಚ್ಚುವ ದಾರಿಯನ್ನು ತೋರಿಸುತ್ತದೆ. ಅದನ್ನೇ ಹಿಡಿದು ಒಬ್ಬನ ಎದೆಗೆ ನಾಲ್ಕನೆಯ ಗಂಟನ್ನು ಹಾಕಿದವನು ನಾನು. ಈಗ ಯಾರಾದರೂ ಹೀಗೆ ಬಂದರೆ ಅವರ ಈಮಾನನ್ನು ಅಳೆಯುವುದಿಲ್ಲ. ರಾತ್ರಿ ನಿದ್ರೆ ಬಂತೇ, ಬೆಳಿಗ್ಗೆ ಏನು ತಿಂದೆ, ಯಾರ ಬಳಿಯಾದರೂ ಹೇಳಿಕೊಂಡಿದ್ದೀಯಾ ಎಂದು ಮೊದಲು ಕೇಳುತ್ತೇನೆ.

ಅವನಿಗೂ ದಿಗಿಲು ಪೂರ್ತಿಯಾಗಿ ಹೋಗಿಲ್ಲ. ಅದು ಬಂದ ದಿನ ಸುಬಹ್ ನಂತರ ಅವನು ಎದ್ದು ಹೋಗದೆ ಮಸೀದಿಯ ಮೆಟ್ಟಿಲ ಬಳಿ ನಿಂತಿರುತ್ತಾನೆ. ನಾನೇನೂ ಕೇಳುವುದಿಲ್ಲ. ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ತೋಟದ ದಾರಿ ಹಿಡಿಯುತ್ತೇವೆ. ತಿರುವು ದಾಟಿ ಗದ್ದೆ ಕಾಣುವ ಹೊತ್ತಿಗೆ ಬೆಳಕಾಗಿರುತ್ತದೆ.

ಮೂಸಾ(ಅ)ರ ತಾಯಿಯ ಬರಿದಾದ ಹೃದಯವನ್ನು ಬಿಗಿಹಿಡಿದು ನಿಲ್ಲಿಸಿದ ಅಲ್ಲಾಹನು, ಭಯದೊಂದಿಗೆ ಕಣ್ಣು ತೆರೆಯುವ ಪ್ರತಿಯೊಬ್ಬರ ಹೃದಯಕ್ಕೂ ಸ್ಥಿರತೆಯನ್ನು ಕರುಣಿಸಲಿ. ನಮ್ಮ ನಾಲಗೆಯಿಂದ ನೊಂದವರ ಮನಸ್ಸನ್ನು ಅವನೇ ಸಂತೈಸಲಿ. ಆಮೀನ್.